ಪ್ರಶ್ನೆಗಳ ಕಲಮಿನಲ್ಲಿ ನಾನು ಬರೆದ ಸೊನ್ನೆ

ಶಾಸಕರ ಕಚೇರಿಯ ಟೈಪಿಸ್ಟರು ಪ್ರೆಸ್ಸಿಗೆ ಬಂದದ್ದು ನಮ್ಮ ಕರಪತ್ರ ಅಚ್ಚಾಗುವ ಮುಂಚೆಯೋ, ಅಚ್ಚಾದ ಮೇಲೋ ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅವರು ಬಾಗಿಲ ಹತ್ತಿರ ನಿಂತಿದ್ದಾರೆ, ಒಳಗೆ ಮಷೀನು ಓಡುತ್ತಿದೆ. ಓಡುತ್ತಿದ್ದದ್ದು ನಮ್ಮ ಕರಪತ್ರವೇ ಆಗಿರಬೇಕೆಂದಿಲ್ಲ. ಆ ಪ್ರೆಸ್ಸಿನಲ್ಲಿ ದಿನವಿಡೀ ಮದುವೆ ಕಾರ್ಡು ಅಚ್ಚಾಗುತ್ತಿದ್ದವು. ಅವತ್ತು ಜೊತೆಗಿದ್ದ ಹಿರಿಯೂರಿನ ಗೆಳೆಯನನ್ನು ಕೇಳಿದರೆ, "ಆಮೇಲೆ ಕಣೋ, ಕಟ್ಟು ಕಟ್ಟಿ ಆಗಿತ್ತು" ಅನ್ನುತ್ತಾನೆ. ನನಗೆ ಸಮಾಧಾನವಾಗುವುದನ್ನೇ ಹೇಳುವ ಅಭ್ಯಾಸ ಅವನಿಗಿದೆ. ಅದೂ ಅಲ್ಲದೆ, ಕಟ್ಟು ಕಟ್ಟಿದ್ದರೆ ಏನಾಯಿತು? ಇನ್ನೂ ಹಂಚಿರಲಿಲ್ಲವಲ್ಲ.

ಆಗ ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಸಂಜೆ ಟೀ ಕುಡಿಯಲು ಸೇರುತ್ತಿದ್ದ ನಾವು ನಾಲ್ವರು ನಾಲ್ಕು ತಾಲ್ಲೂಕಿನವರು. ನಾನು ದುರ್ಗದವನು, ಉಳಿದವರು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು. ನಮ್ಮ ನಾಲ್ಕು ಕ್ಷೇತ್ರಗಳ ಶಾಸಕರು ಸದನದಲ್ಲಿ ಏನು ಮಾಡುತ್ತಾರೆಂದು ಜನರಿಗೆ ತಿಳಿಸಬೇಕು ಎಂಬ ಯೋಚನೆ ನನ್ನದೇ. ಮಕ್ಕಳ ಮಾರ್ಕ್ಸ್ ಕಾರ್ಡಿನಂತೆ ಒಂದು ಹಾಳೆ. ಅದರಲ್ಲಿ ನಾಲ್ಕು ಕಲಮು: ಹಾಜರಿ, ಮತದಾನ, ಪ್ರಶ್ನೆ, ಚರ್ಚೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದನ್ನು ಎಲ್ಲಾದರೂ ಬಳಸಬೇಕೆಂಬ ಚಡಪಡಿಕೆ ನನಗಿತ್ತು. ಬಾಯಿಮಾತಿಗೆ ಬೆಲೆಯಿಲ್ಲ, ದಾಖಲೆ ತೋರಿಸಿ ಎನ್ನುವುದು ಆಗ ನನ್ನ ಮಾತಿನ ವರಸೆ.

ಮೊದಲು ಕೈಕೊಟ್ಟಿದ್ದು ಮತದಾನದ ಕಲಮು. ಯಾವ ಮಸೂದೆಗೆ ಯಾರು ಹೌದು ಅಂದರು, ಯಾರು ಇಲ್ಲ ಅಂದರು ಎಂದು ಹುಡುಕಿದೆ. ಸಿಗಲಿಲ್ಲ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. ಪರವಾಗಿರುವವರೆಲ್ಲ ಒಟ್ಟಿಗೆ ಹೌದು ಅನ್ನುತ್ತಾರೆ, ಸಭಾಧ್ಯಕ್ಷರು ಕಿವಿಯಲ್ಲೇ ತೂಗಿ ಅಂಗೀಕಾರವಾಯಿತು ಅನ್ನುತ್ತಾರೆ. ಯಾರ ಬಾಯಿಂದ ಯಾವ ಮಾತು ಬಂತು ಎಂದು ಯಾರೂ ಬರೆದಿಡುವುದಿಲ್ಲ. ಇದನ್ನು ಹೇಳಿದಾಗ ಹೊಸದುರ್ಗದವನು, "ಲೇ, ನಮ್ ಭಜನೆ ಮನೇಲಿ ನಾನೂ ಹಿಂಗೇ ಹಾಡಾದು. ಬಾಯಿ ಆಡ್ತಾ ಇರುತ್ತೆ, ಧ್ವನಿ ಪಕ್ಕದೋನ್ದು" ಅಂದ. ನಕ್ಕೆವು. ಆ ಕಲಮನ್ನು ಹೊಡೆದು ಹಾಕಿದೆವು.

ಒಂದು ಕಲಮು ಹೋದದ್ದರಿಂದ ಪ್ರಶ್ನೆಗಳ ಕಲಮಿಗೆ ಎಲ್ಲಿಲ್ಲದ ತೂಕ ಬಂತು. ಅದರ ಕೆಲಸ ನನ್ನದಾಗಿತ್ತು. ಹಿಂದಿನ ಅಧಿವೇಶನದ ಪಟ್ಟಿ ವೆಬ್‌ಸೈಟಿನಲ್ಲಿ ಸಿಕ್ಕಿತು. ಕೂತು ತಿರುವಿದೆ. ಮೂವರು ಶಾಸಕರ ಹೆಸರು ಅಲ್ಲಲ್ಲಿ ಕಂಡವು. ಒಬ್ಬರದು ಎಲ್ಲೂ ಇರಲಿಲ್ಲ. ಯಾವ ಕ್ಷೇತ್ರದವರು ಎಂದು ಇಲ್ಲಿ ಬರೆಯುವುದಿಲ್ಲ. ಸದನದಲ್ಲಿ ಹಿಂದಿನ ಸಾಲಿನಲ್ಲಿ ಕೂರುವ, ಮದುವೆ ಮನೆಯಲ್ಲೂ ಎರಡು ಮಾತಿಗಿಂತ ಹೆಚ್ಚು ಆಡದ ಮನುಷ್ಯ ಅವರು. ಅವರ ಹೆಸರಿನ ಮುಂದೆ ಸೊನ್ನೆ ಬರೆದೆ. ಬರೆಯುವಾಗ ಸಂತೋಷವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ನಾನು ನೋಡಿದ್ದು ಚುಕ್ಕೆ ಗುರುತಿನ ಪ್ರಶ್ನೆಗಳ ಪಟ್ಟಿಯನ್ನು ಮಾತ್ರ. ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಬಾಯಲ್ಲಿ ಉತ್ತರಿಸುವುದು ಆ ಪ್ರಶ್ನೆಗಳಿಗೆ. ಉಳಿದವಕ್ಕೆ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಎಂದು ಹೆಸರು. ಅವಕ್ಕೆ ಉತ್ತರ ಕಾಗದದಲ್ಲಿ ಬರುತ್ತದೆ, ಮೇಜಿನ ಮೇಲೆ ಮಂಡನೆಯಾಗುತ್ತದೆ, ಅಷ್ಟೇ. ಎದ್ದು ಮಾತಾಡಲು ಹಿಂಜರಿಯುವ ಸದಸ್ಯನಿಗೆ ಅದು ಅನುಕೂಲ. ಆ ಪಟ್ಟಿಗೆ ಬೇರೆ ಕೊಂಡಿ ಇತ್ತು. ಅದನ್ನು ನಾನು ಒತ್ತಲೇ ಇಲ್ಲ. ಎರಡು ಬಗೆಯ ಪ್ರಶ್ನೆಗಳಿವೆ ಎಂಬುದೇ ಆಗ ನನಗೆ ಗೊತ್ತಿರಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಆದರೆ ಮೊದಲ ವರ್ಷದ ಹುಡುಗರಿಗೆ ಇದೇ ವ್ಯತ್ಯಾಸವನ್ನು ಐದು ಅಂಕದ ಪ್ರಶ್ನೆಯಾಗಿ ಹೇಳಿಕೊಟ್ಟ ನೆನಪೂ ಇದೆ. ಯಾವ ವರ್ಷ ಹೇಳಿಕೊಟ್ಟೆ ಎಂಬುದಷ್ಟೇ ಗೊತ್ತಿಲ್ಲ. ಕೆಲವು ದಿನ ಅದು ಕರಪತ್ರಕ್ಕೆ ಮುಂಚೆ ಅನ್ನಿಸುತ್ತದೆ.

ಪ್ರೆಸ್ಸಿಗೆ ಬಂದವರು ಆ ಶಾಸಕರ ಊರಿನ ಕಚೇರಿಯಲ್ಲಿ ಟೈಪು ಮಾಡುತ್ತಿದ್ದವರು. ದುರ್ಗದ ಹಳೆಯ ಮುಸ್ಲಿಂ ಮನೆತನ, ತಲೆತಲಾಂತರದಿಂದ ತಗಡಿನ ಕೆಲಸದವರು. ಇವರೊಬ್ಬರು ಟೈಪು ಕಲಿತು, ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುತ್ತಾ, ಕೊನೆಗೆ ಶಾಸಕರ ಕಚೇರಿ ಸೇರಿದ್ದರು. ಶಾಸಕರ ಸಹಿ ಬೀಳುವ ಪ್ರಶ್ನೆಗಳನ್ನೆಲ್ಲ ಬರೆಯುತ್ತಿದ್ದವರು ಅವರೇ. ಜನ ಹೇಳಿದ್ದನ್ನು ಕೇಳಿಸಿಕೊಂಡು, "ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂಬ ಧಾಟಿಗೆ ಕೂರಿಸುವುದು ಅವರ ಕಸುಬು.

"ಸರ್, ಇನ್ನೊಂದು ಪಟ್ಟಿ ಐತೆ ನೋಡ್ರಿ" ಅಂದರು. ಜೇಬಿನಿಂದ ಒಂದು ಕಾರ್ಬನ್ ಪ್ರತಿ ತೆಗೆದರು. ಅದರಲ್ಲಿ ಬಸ್ಸಿನ ವಿಚಾರ ಇತ್ತು. ಒಂದು ಹಳ್ಳಿಗೆ ಬೆಳಗಿನ ಬಸ್ಸು ಬಾರದೆ, ಮೋರಿ ಕುಸಿದಿದೆ ಎಂಬ ನೆಪದಲ್ಲಿ ಹಿಂದಿನ ಊರಿನಿಂದಲೇ ತಿರುಗಿ ಹೋಗುತ್ತಿತ್ತು. ಸಿರಿಗೆರೆಗೆ ಓದಲು ಹೋಗುವ ಹೆಣ್ಣುಮಕ್ಕಳು ಆ ಊರಿನವರೆಗೆ ನಡೆದು ಹೋಗಿ ಬಸ್ಸು ಹತ್ತುತ್ತಿದ್ದರು. ತಾಯಂದಿರು ಇವರ ಹತ್ತಿರ ಬಂದು ಹೇಳಿಕೊಂಡಿದ್ದರು.

"ಇದಕ್ಕೆ ಸೀಲಿಲ್ಲವಲ್ಲ" ಅಂದೆ.

"ಕಾರ್ಬನ್ನಿಗೆ ಸೀಲು ಎಲ್ಲಿಂದ ಬರ್ಬೇಕು ಸರ್. ಜವಾಬು ಬೆಂಗ್ಳೂರಿನ ರೂಮಲ್ಲೇ ಉಳ್ಕೊಂಡೈತೆ, ಸಾಹೇಬ್ರು ತಂದಿಲ್ಲ. ನೀವು ಒಂದ್ಸಲ ನೋಡ್ರಿ ಸಾಕು."

ಇಲ್ಲಿ ನನ್ನ ನೆನಪು ಎರಡಾಗಿ ಒಡೆಯುತ್ತದೆ. "ಇಂಥದ್ದನ್ನು ಯಾರು ಬೇಕಾದರೂ ಟೈಪ್ ಮಾಡಿಕೊಂಡು ಬರಬಹುದು" ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ ಎಂದು ನನ್ನ ನಂಬಿಕೆ. ಬಾಯಿಬಿಟ್ಟೇ ಅಂದೆ ಎಂದು ಹಿರಿಯೂರಿನ ಗೆಳೆಯ ಹೇಳುತ್ತಾನೆ. ಬೇರೆ ಎಲ್ಲದರಲ್ಲೂ ನನ್ನ ಪರವಾಗಿ ನೆನಪಿಟ್ಟುಕೊಂಡವನು ಇದೊಂದನ್ನು ವಿರುದ್ಧವಾಗಿ ನೆನಪಿಟ್ಟುಕೊಂಡಿದ್ದಾನೆ. ಹಾಗಾಗಿ ಅವನ ಮಾತೇ ನಿಜವಿರಬೇಕು.

ಅವರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ಒಂದೆರಡು ದಿನ ಬಿಟ್ಟು ನಾವು ಹಂಚಲು ಹೊರಟೆವು. ಆ ಹಳ್ಳಿಗೆ ಹೋದವರು ನಾನು ಮತ್ತು ಹೊಳಲ್ಕೆರೆಯವನು. ಹಾಲಿನ ಡೇರಿಯ ಮುಂದೆ ಹೆಂಗಸರು ಕ್ಯಾನು ಹಿಡಿದು ನಿಂತಿದ್ದರು. ಒಬ್ಬ ಹುಡುಗಿ ಕರಪತ್ರವನ್ನು ಗಟ್ಟಿಯಾಗಿ ಓದಿದಳು. ಸೊನ್ನೆಗೆ ಬಂದಾಗ ಒಂದು ಸಲ ನಿಲ್ಲಿಸಿ ಮತ್ತೆ ಓದಿದಳು. ಅಷ್ಟರಲ್ಲಿ ಟೈಪಿಸ್ಟರ ಮೊಪೆಡ್ಡು ಬಂತು. ಶಾಸಕರ ಯಾವುದೋ ಪತ್ರ ಕೊಡಲು ಬಂದಿದ್ದರೆಂದು ಕಾಣುತ್ತದೆ. ಓದಿದ ಹುಡುಗಿಯ ತಾಯಿ, ಸೆರಗು ಸಿಕ್ಕಿಸಿಕೊಂಡು ನಿಂತಿದ್ದ ಗಟ್ಟಿ ಹೆಂಗಸು, ಕರೆದು ಕೇಳಿದಳು.

"ಏನ್ ಸಾಬ್ರೆ, ನಮ್ ಬಸ್ಸು ಬೆಂಗ್ಳೂರಿಗೆ ಹೋಗೈತೆ ಅಂದಿದ್ರಿ. ಇಲ್ಲಿ ಸೊನ್ನೆ ಅಂತ ಐತಲ್ರಿ."

"ಹೋಗೈತಮ್ಮ. ನಾನೇ ಟೈಪ್ ಮಾಡಿ ಕಳ್ಸಿದೀನಿ."

"ಹಂಗಾರೆ ದಾರೀಲಿ ಪಂಚರ್ ಆಗಿರ್ಬೇಕು ಬಿಡ್ರಿ" ಅಂದಳು ಇನ್ನೊಬ್ಬಳು. ಡೇರಿ ಮುಂದೆ ನಿಂತವರೆಲ್ಲ ನಕ್ಕರು.

"ನಮ್ಗೆ ಸುಳ್ ಹೇಳ್ಬಾರ್ದಾಗಿತ್ತು ನೀವು. ಆಗಲ್ಲ ಅಂದಿದ್ರೆ ಆಗಲ್ಲ ಅಂತಿದ್ವಿ" ಅಂದಳು ಮೊದಲನೆಯವಳು. ಅವಳು ನಗಲಿಲ್ಲ.

ಟೈಪಿಸ್ಟರು ನನ್ನ ಕಡೆ ನೋಡಿದರು. ಇನ್ನೊಂದು ಪಟ್ಟಿ ಇದೆಯಂತೆ, ನಾನು ನೋಡಿಲ್ಲ ಎಂದಿದ್ದರೆ ಸಾಕಿತ್ತು. ಅಷ್ಟು ಹೇಳಲು ಯಾವ ದಾಖಲೆಯೂ ಬೇಕಿರಲಿಲ್ಲ. ನಾನು ಕೈಯಲ್ಲಿದ್ದ ಕರಪತ್ರಗಳ ಅಂಚು ಸರಿಮಾಡಿಕೊಂಡೆ. ಅವರು ಮೊಪೆಡ್ಡು ತಿರುಗಿಸಿದರು. ಪತ್ರ ಯಾರಿಗೆ ತಂದಿದ್ದರೋ, ಕೊಡಲಿಲ್ಲ. ವಾಪಸು ಬರುವಾಗ ಹೊಳಲ್ಕೆರೆಯವನು, "ಏನಪ್ಪ, ಆ ಇನ್ನೊಂದು ಪಟ್ಟೀನೂ ನೋಡಿಬಿಡಾಣ ಅಲ್ವಾ?" ಅಂದ. ನೋಡೋಣ ಅಂದೆ. ನೋಡಲಿಲ್ಲ.

ಕೆಲವು ವಾರಗಳಲ್ಲಿ ಅವರು ಕಚೇರಿ ಬಿಟ್ಟರೆಂದು ಕೇಳಿದೆ. ಶಾಸಕರೇ ಬಿಡಿಸಿದರು ಎಂದು ಒಬ್ಬರು, ಕಣ್ಣಿನ ತೊಂದರೆ ಎಂದು ಇನ್ನೊಬ್ಬರು ಹೇಳಿದರು. ಕಣ್ಣಿನ ಕಾರಣ ನನಗೆ ಹಿಡಿಸಿತು.

ಚುಕ್ಕೆ ಗುರುತಿಲ್ಲದ ಪಟ್ಟಿಯನ್ನು ನಾನು ತೆರೆದದ್ದು ಬಹಳ ತಡವಾಗಿ, ಹೋದ ವರ್ಷ. ವಿದ್ಯಾರ್ಥಿನಿಯೊಬ್ಬಳು ಪ್ರಬಂಧಕ್ಕೆಂದು ಯಾವ ಪಟ್ಟಿ ನೋಡಬೇಕು ಎಂದು ಕೇಳಿದಳು. ಎರಡನ್ನೂ ನೋಡು ಎಂದೆ. ಹೇಳಿದ ಮೇಲೆ ಕೂರಲಾಗಲಿಲ್ಲ. ಆ ಹಳೆಯ ಅಧಿವೇಶನದ ಪಟ್ಟಿ ತೆರೆದೆ. ಪ್ರಶ್ನೆ ಅಲ್ಲಿತ್ತು. ಹಳ್ಳಿಯ ಹೆಸರು, ಮೋರಿ, ವಿದ್ಯಾರ್ಥಿನಿಯರು, ಎಲ್ಲ ಇತ್ತು. ಗಮನಕ್ಕೆ ಬಂದಿದೆಯೇ ಎಂಬುದಕ್ಕೆ ಉತ್ತರ: ಬಂದಿಲ್ಲ. ಬಂದಿದ್ದಲ್ಲಿ ಕೈಗೊಂಡ ಕ್ರಮವೇನು ಎಂಬುದಕ್ಕೆ: ಉದ್ಭವಿಸುವುದಿಲ್ಲ.

ಪ್ರತಿ ತೆಗೆಸಿಕೊಂಡು ಹಿರಿಯೂರಿಗೆ ಹೋದೆ. ಟೈಪಿಸ್ಟರು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. "ಬರ್ರಿ ಸರ್, ಕುಂತ್ಕಳ್ರಿ" ಅಂದರು. ಗುರುತು ಹಿಡಿದರು. ಕಣ್ಣು ಚೆನ್ನಾಗಿಯೇ ಇತ್ತು, ಪೇಪರು ಓದುತ್ತಿದ್ದರು. ಹಾಳೆಯನ್ನು ಮುಂದಿಟ್ಟೆ. ಒಂದು ಸಲ ನೋಡಿ ನನ್ನ ಕಡೆಗೇ ಸರಿಸಿದರು.

"ಇದನ್ನ ನಂಗ್ಯಾಕೆ ತೋರಿಸ್ತೀರಿ ಸರ್? ನಾನೇ ಬರ್ದಿದ್ದು, ನಂಗೆ ಗೊತ್ತೈತಲ್ಲ. ಆ ಊರಲ್ಲಿ ತೋರಿಸ್ರಿ."

ಕ್ಷಮೆ ಕೇಳಲು ಬಂದಿದ್ದೆ. ಆ ಮಾತಿನ ಮೇಲೆ ಕೇಳಲಾಗಲಿಲ್ಲ. ಮಗಳು ಟೀ ತಂದಳು. ಕುಡಿದೆವು. ವಾಣಿವಿಲಾಸ ಸಾಗರದಲ್ಲಿ ಈ ಸಲ ನೀರು ಎಷ್ಟಿದೆ ಎಂದು ಮಾತಾಡಿದೆವು. ಅವರಿಗೆ ಮಾತು ಬೇಕಾಗಿತ್ತು. ನನಗೆ ಎದ್ದು ಹೋಗಬೇಕಾಗಿತ್ತು.

ಮರುದಿನ ಆ ಹಳ್ಳಿಗೆ ಹೋದೆ. ಮೋರಿ ಎಂದೋ ಸರಿಯಾಗಿ, ಬಸ್ಸು ಈಗ ಊರೊಳಗೇ ಬರುತ್ತದೆ. ಯಾರ ದೆಸೆಯಿಂದ ಬಂತು ಎಂದು ಯಾರೂ ಹೇಳಲಿಲ್ಲ. ಅವತ್ತಿನ ಗಟ್ಟಿ ಹೆಂಗಸು ಸಿಕ್ಕಳು. ಮಗಳ ಓದು ಮುಗಿದು ಮದುವೆಯಾಗಿದೆ. ಹಾಳೆ ಓದಿ ಹೇಳಿದೆ.

"ಅಂದ್ರೆ ಅವ್ರು ಬರ್ದಿದ್ರು" ಅಂದಳು.

"ಬರೆದಿದ್ದರು."

"ಅವತ್ತು ನೀವೂ ಅಲ್ಲೇ ನಿಂತಿದ್ರಲ್ಲ?"

ಹೌದು ಅಂದೆ. ಅವಳು ಹಾಳೆಯನ್ನು ಇಸಿದುಕೊಂಡು, "ಇದು ಇಲ್ಲಿರ್ಲಿ. ಆ ಮಾತು ಅವ್ರಿಗೆ ಅಂದೋಳು ನಾನು. ಅವ್ರು ಎಲ್ಲವ್ರೆ ಹೇಳ್ರಿ, ಒಂದಿನ ಹೋಗಿ ಬರ್ತೀನಿ" ಅಂದಳು. ವಿಳಾಸ ಬರೆದುಕೊಟ್ಟೆ. ಹೋದಳೋ ಇಲ್ಲವೋ ವಿಚಾರಿಸಿಲ್ಲ.

ಮನೆಗೆ ಬಂದ ಮೇಲೆ ಉಳಿದ ಪಟ್ಟಿಗಳನ್ನೂ ತೆರೆದೆ. ಒಂದೇ ಪ್ರಶ್ನೆ ನೋಡಿ ತೀರ್ಮಾನಕ್ಕೆ ಬಂದರೆ ನಾನು ಮೊದಲು ಮಾಡಿದ್ದನ್ನೇ ಮತ್ತೆ ಮಾಡಿದಂತೆ. ಆ ಶಾಸಕರ ಅವಧಿ ಶುರುವಾದಂದಿನಿಂದ ಕರಪತ್ರದವರೆಗೆ, ಪ್ರತಿ ಅಧಿವೇಶನದ ಚುಕ್ಕೆ ಗುರುತಿಲ್ಲದ ಪಟ್ಟಿಯಲ್ಲಿ ಅವರ ಹೆಸರು ಇದೆ. ಕೊಳವೆಬಾವಿ, ಅಂಗನವಾಡಿ, ಸ್ಮಶಾನದ ಜಾಗ, ಬಸ್ಸು. ಎಲ್ಲದರ ಧಾಟಿಯೂ ಒಂದೇ. ಒಬ್ಬನೇ ಮನುಷ್ಯ ಬರೆದದ್ದು ಎಂದು ಗೊತ್ತಾಗುತ್ತದೆ. ಕರಪತ್ರದ ನಂತರದ ಪಟ್ಟಿಗಳನ್ನು ನಾನು ಎರಡು ಸಲ ನೋಡಿದೆ. ನನ್ನ ಕಣ್ಣನ್ನು ನಂಬದೆ ಆ ವಿದ್ಯಾರ್ಥಿನಿಗೂ ಕೊಟ್ಟು ನೋಡಿಸಿದೆ. ಅವಳ ಲೆಕ್ಕವೂ ನನ್ನದೂ ತಾಳೆಯಾಯಿತು. ಕರಪತ್ರ ಹಂಚಿದ ಮೇಲೆ ಅವಧಿ ಮುಗಿಯುವವರೆಗೆ, ಚುಕ್ಕೆ ಗುರುತಿನ ಪಟ್ಟಿಯಲ್ಲಾಗಲಿ, ಗುರುತಿಲ್ಲದ ಪಟ್ಟಿಯಲ್ಲಾಗಲಿ, ಆ ಶಾಸಕರ ಹೆಸರಿನಲ್ಲಿ ಒಂದು ಪ್ರಶ್ನೆಯೂ ಇಲ್ಲ.