ಸೀಲಣ್ಣನ ಕಂಪ್ಯೂಟರಿಗೆ ಕರೆಯದೆ ಬಂದವರು

ಸೀಲಣ್ಣನ ಅಂಗಡಿ ಎಷ್ಟು ಚಿಕ್ಕದೆಂದರೆ, ಗಿರಾಕಿ ಒಳಗೆ ನಿಂತು ದೀರ್ಘವಾಗಿ ಉಸಿರೆಳೆದುಕೊಂಡರೆ ಸೀಲಣ್ಣ ಹೊರಗೆ ಬಂದು ನಿಲ್ಲಬೇಕು. ರಬ್ಬರ್ ಸೀಲು ಮಾಡುವುದು ಅವನ ಕಸುಬು. ಊರಿನ ಅರ್ಧ ಕಾಗದಗಳು ಅವನ ಅಕ್ಷರ ಹೊತ್ತು ಓಡಾಡುತ್ತವೆ. ಉಳಿದರ್ಧ, ಸೀಲಿಲ್ಲದ್ದರಿಂದ, ಓಡಾಡುವುದೇ ಇಲ್ಲ.

ಈ ಕಸುಬಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಯಾರೂ ಹೇಳಿ ಮಾಡಿಸದ ಸೀಲು ಅಂಗಡಿಯಲ್ಲಿ ಇರಕೂಡದು. ತಪ್ಪಿ ಕೊರೆದದ್ದು, ಗಿರಾಕಿ ಬೇಡವೆಂದದ್ದು, ಎಲ್ಲವನ್ನೂ ಅಂದೇ ಚಾಕುವಿನಿಂದ ಎರಡು ಹೋಳು ಮಾಡಬೇಕು. ದಿಕ್ಕಿಲ್ಲದ ಸೀಲು ಯಾರ ಕೈಗೆ ಸಿಕ್ಕಿ ಯಾರ ಮನೆ ಯಾರದಾದೀತೋ! ಮೂವತ್ತು ವರ್ಷ ಕತ್ತರಿಸಿ ಕತ್ತರಿಸಿ ಅವನ ಸ್ವಭಾವವೇ ಹಾಗಾಗಿದೆ. ಮೇಜಿನ ಮೇಲೆ ನೊಣ ಕೂತರೂ, ನಿನ್ನನ್ನು ಯಾರು ಹೇಳಿ ಕಳಿಸಿದ್ದು ಎಂದು ವಿಚಾರಿಸುತ್ತಾನೆ.

ಕೈಯಲ್ಲಿ ಕೊರೆಯುವುದನ್ನು ಬಿಟ್ಟು ಹತ್ತು ವರ್ಷವಾಯಿತು. ಈಗ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದರೆ ಪಕ್ಕದ ಮೆಷಿನ್ನು ರಬ್ಬರಿನಲ್ಲಿ ಕೊರೆದುಕೊಡುತ್ತದೆ. ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ಅಕ್ಕನ ಮಗಳು, ಹಳೇ ಯಂತ್ರಕ್ಕೆ ಹಗುರವಾಗಿರುತ್ತೆ ಅಂತ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟಿದ್ದಳು. ಕಳೆದ ಭಾನುವಾರ ಬಂದು ಅದನ್ನು ಹೊಸ ಆವೃತ್ತಿಗೆ ಏರಿಸಿ ಹೋದಳು.

ಸೋಮವಾರ ಬೆಳಿಗ್ಗೆ ಸೀಲಣ್ಣ ಗೋಡೆಯಾಚೆಯಿಂದ ನನ್ನನ್ನು ಕೂಗಿದ. ಪಕ್ಕದ ಗಡಿಯಾರ ರಿಪೇರಿ ಅಂಗಡಿ ನನ್ನದು.

"ಇಲ್ಲಿ ನೋಡಿ, ಇವರೆಲ್ಲ ಯಾರು?"

ನೋಡಿದೆ. ಪರದೆಯ ತುಂಬ ಹೊಸ ಚಿತ್ರಗಳು: ಚದುರಂಗ, ಇಸ್ಪೀಟು, ಆಕಾಶದ ನಕ್ಷತ್ರ ತೋರಿಸುವುದೊಂದು, ಹಾಡು ಹಾಕುವುದು ಮೂರು, ಅಳಿಲು ಓಡಿದಂತಿರುವ ಯಾವುದೋ ದೇಶದ ಲಿಪಿಗಳು.

"ನಿನ್ನ ಅಂಗಡಿ, ನಿನ್ನ ನೆಂಟರು. ನನ್ನ ಕೇಳ್ತೀಯಲ್ಲ?"

"ನಾನು ಕರೆದಿಲ್ಲ. ಶನಿವಾರ ಇರಲಿಲ್ಲ."

"ಬಂದಿದ್ದಾರೆ, ಮೂಲೇಲಿ ಕೂತಿರ್ತಾರೆ ಬಿಡು."

ಬಿಡುವವನಾದರೆ ಸೀಲಣ್ಣ ಯಾಕಾಗುತ್ತಿದ್ದ? ಚದುರಂಗವನ್ನು ಹಿಡಿದು ಅಳಿಸಿದ. ಕೂಡಲೇ ಕಂಪ್ಯೂಟರು ಒಂದು ಪಟ್ಟಿ ಮುಂದಿಟ್ಟಿತು: ಇನ್ನು ಈ ಮುನ್ನೂರ ಹನ್ನೆರಡು ತಂತ್ರಾಂಶದ ಪ್ಯಾಕೇಜುಗಳೂ ಬೇಕಾಗಿಲ್ಲ, ತೆಗೆಯಲೇ?

"ನೋಡಿದ್ರಾ? ಅದೇ ಒಪ್ಕೊಳ್ತಿದೆ, ಬೇಡದವು ಅಂತ," ಎಂದು ಹೂಂ ಒತ್ತಿದ. ಹೆಸರುಗಳು ಇರುವೆ ಸಾಲಿನಂತೆ ಓಡಿದವು. ಅವನ ಮುಖದಲ್ಲಿ ಮನೆ ಗುಡಿಸಿದವನ ನೆಮ್ಮದಿ. ಆಮೇಲೆ ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಹಾಕಿದ. ಕಪ್ಪು ಪರದೆ, ಮೇಲೆ ಒಂದು ಬಿಳಿ ಸಾಲು, ನೀನು ಯಾರು ಎಂದು ಅವನ ಹೆಸರನ್ನೇ ಕೇಳುತ್ತಿತ್ತು.

ಸೀಲಣ್ಣ ನನ್ನ ಮುಖ ನೋಡಿದ. ನನಗೂ ಆ ಕ್ಷಣ ಅವನ ಹೆಸರು ಹೊಳೆಯಲಿಲ್ಲ.

ಕಷ್ಟವೇನೆಂದರೆ, ಸಂಜೆ ನಾಲ್ಕಕ್ಕೆ ಶಾಲೆಯ ಹೆಡ್ ಮೇಡಂ ಬರುವವರಿದ್ದರು. ಅವರ ಹಳೇ ಸೀಲು ಸವೆದು ಬರೀ ಮಸಿಯ ಚಂದ್ರ ಮೂಡುತ್ತಿತ್ತು. ನಲವತ್ತು ಮಕ್ಕಳ ಪ್ರಮಾಣಪತ್ರಕ್ಕೆ ಹೊಸ ಸೀಲು ಬಿದ್ದು ಐದರೊಳಗೆ ಮೇಲಿನ ಶಾಲೆಗೆ ಮುಟ್ಟಬೇಕು. ಇಲ್ಲದಿದ್ದರೆ ಮಕ್ಕಳಿಗೆ ಈ ವರ್ಷ ಸೀಟಿಲ್ಲ. ಆ ಸೀಲಿನ ನಕ್ಷೆ ಕಪ್ಪು ಪರದೆಯ ಹಿಂದೆ ಸಿಕ್ಕಿಕೊಂಡಿತ್ತು.

ಅಕ್ಕನ ಮಗಳಿಗೆ ಫೋನು ಹೋಯಿತು.

"ಮಾವ, ಏನೇನು ತೆಗೆದ್ರಿ?"

"ಚದುರಂಗ ಒಂದೇ ಕಣೆ."

"ಆಮೇಲೆ?"

"ಆಮೇಲೆ ಅವರ ಕಡೆಯವರು ಒಂದು ಮುನ್ನೂರು ಜನ."

"ಅವು ಹೊಸ ಆವೃತ್ತಿ ಜೊತೆ ಬಂದದ್ದು. ಬಿಡಿ ಬಿಡಿಯಾಗಿ ಅಲ್ಲ ಮಾವ, ಒಂದೇ ಗಂಟು. ಚದುರಂಗ ಕಿತ್ತಾಗ ಗಂಟು ಬಿಚ್ಚಿಹೋಯ್ತು. ಅದರೊಳಗಿದ್ದ ಪರದೆ, ಕಿಟಕಿ, ನೀವು ಅಕ್ಷರ ಬರೆಯೋದು, ಎಲ್ಲಾನೂ ಯಾರಿಗೂ ಬೇಡದ್ದು ಅಂತ ಕಂಪ್ಯೂಟರು ಲೆಕ್ಕ ಹಾಕ್ಕೊಂಡಿತು."

"ಬೇಕಾದ್ದನ್ನ ಬೇಡದವರ ಜೊತೆ ಯಾಕೆ ಗಂಟು ಕಟ್ತಾರೆ?"

"ಮದುವೆಯಲ್ಲಿ ಕಟ್ಟಲ್ವಾ? ನಾನು ಹೇಳೋದು ಟೈಪ್ ಮಾಡಿ. ನಿಮ್ಮ ನಕ್ಷೆಗಳಿಗೆ ಏನೂ ಆಗಿಲ್ಲ."

ಅವಳು ಒಂದೊಂದೇ ಅಕ್ಷರ ಹೇಳಿದಳು, ಇವನು ಹಾವಿನ ಹೆಡೆ ಮುಟ್ಟುವಂತೆ ಒತ್ತಿದ. ಎಲ್ಲವೂ ಮತ್ತೆ ಇಳಿದುಬರತೊಡಗಿತು, ಆದರೆ ನಮ್ಮ ಬೀದಿಯ ಇಂಟರ್ನೆಟ್ಟು ಗೊತ್ತಲ್ಲ, ಒಂದು ಅಕ್ಷರ ಹೊರಟು ಇಲ್ಲಿ ತಲುಪುವಷ್ಟರಲ್ಲಿ ಮಗು ಹುಟ್ಟಿ ನಡೆಯುತ್ತದೆ. ಹನ್ನೆರಡಾಯಿತು, ಒಂದಾಯಿತು. ಶೇಕಡಾ ಮೂವತ್ತು.

ಸೀಲಣ್ಣ ಹಳೇ ಡಬ್ಬಿಯಿಂದ ಚಾಕು ತೆಗೆದ, ರಬ್ಬರ್ ತುಂಡು ತೆಗೆದ, ಬಗ್ಗಿ ಕೊರೆಯತೊಡಗಿದ. ಎರಡೂವರೆಗೆ ಮಸಿ ಒತ್ತಿ ಕಾಗದದ ಮೇಲಿಟ್ಟ. ಅಕ್ಷರಗಳು ಮುದ್ದಾಗಿದ್ದವು, ಒಂದೂ ಓದಲು ಬರುತ್ತಿರಲಿಲ್ಲ. ಸೀಲನ್ನು ಉಲ್ಟಾ ಕೊರೆಯಬೇಕು, ಆಗ ಕಾಗದದ ಮೇಲೆ ನೆಟ್ಟಗೆ ಬೀಳುತ್ತದೆ. ಹತ್ತು ವರ್ಷ ಆ ಉಲ್ಟಾ ಕೆಲಸ ಮೆಷಿನ್ನೇ ಮಾಡಿ ಮಾಡಿ, ಇವನ ಕೈ ನೆಟ್ಟಗಾಗಿಬಿಟ್ಟಿತ್ತು.

"ಯಾವುದು ಉಲ್ಟಾ ಈಗ?" ಎಂದ ನನ್ನ ಕಡೆ ನೋಡಿ.

"ನನ್ನ ಕೇಳಬೇಡ. ನಾನು ಗಡಿಯಾರದವನು, ನನಗೆ ಎಡಗಡೆ ಒಂಬತ್ತು ಅಂತ ಮಾತ್ರ ಗೊತ್ತು."

ಎರಡನೆಯ ಸಲ ತೆಳು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಜ್ಜಿದ. ಮೂಡಿದ ಗೆರೆಯ ಮೇಲೆಯೇ ಚಾಕು ಆಡಿಸಿದ. ಪ್ರತಿ ಅಕ್ಷರ ಮುಗಿದಾಗಲೂ ತಲೆಯೆತ್ತಿ ಒಂದು ಗಳಿಗೆ ಗೋಡೆ ನೋಡುತ್ತಿದ್ದ. ಕಳೆದದ್ದೇನೆಂದು ಮರೆತು ಹುಡುಕುವವನ ಹಾಗೆ.

ಹೆಡ್ ಮೇಡಂ ನಾಲ್ಕಕ್ಕೇ ಬಂದು ಸ್ಟೂಲಿನ ಮೇಲೆ ಕೂತರು. ತೊಡೆಯ ಮೇಲೆ ನಲವತ್ತು ಪತ್ರಗಳ ಕಟ್ಟು.

"ಆಯ್ತೇನಪ್ಪಾ?"

"ಇನ್ನೊಂದೇ ಅಕ್ಷರ ಮೇಡಂ. ಅದು ಯಾವ ಕಡೆ ತಿರುಗುತ್ತೆ ಅಂತ ಯೋಚನೆ ಮಾಡ್ತಿದೀನಿ."

"ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟಿದೀನಿ, ತೋರಿಸು."

ನಾಲ್ಕು ಹದಿನೈದಕ್ಕೆ ಮೊದಲ ಪತ್ರದ ಮೇಲೆ ಸೀಲು ಬಿತ್ತು. ಮೂವರೂ ಬಗ್ಗಿದೆವು. ಒಂದು ಅಕ್ಷರ ಚೂರು ವಾಲಿತ್ತು, ಓದಲು ಬರುತ್ತಿತ್ತು. ಮೇಡಂ ಅಲ್ಲೇ ಮೇಜಿನ ಮೇಲೆ ಒತ್ತುತ್ತ ಹೋದರು, ಸೀಲಣ್ಣ ಪತ್ರ ಸರಿಸುತ್ತ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಮೊದಲನೆಯದರ ಅನುಮಾನ ನಲವತ್ತನೆಯದಕ್ಕೂ ಇತ್ತು. ಅಷ್ಟರಲ್ಲಿ ಹಿಂದೆ ಪರದೆ ಬೆಳಗಿ, ಎಲ್ಲ ಚಿತ್ರಗಳೂ ವಾಪಸು ಬಂದು ಕೂತವು. ಯಾರೂ ತಿರುಗಿ ನೋಡಲಿಲ್ಲ.

ಮೇಡಂ ಕಟ್ಟು ಹಿಡಿದು ಮೇಲಿನ ಶಾಲೆಗೆ ಓಡಿದರು. ಐದಕ್ಕೆ ಐದು ನಿಮಿಷವಿದ್ದಾಗ ಅಲ್ಲಿಂದ ಅವರ ಫೋನು ಬಂತು. "ತಗೊಂಡ್ರಪ್ಪಾ, ನಲವತ್ತೂ."

ಸೀಲಣ್ಣ ಬೆವರು ಒರೆಸಿಕೊಂಡ. ಆಮೇಲೆ ಕೇಳಿದ: "ಅವರು ನೆಟ್ಟಗೆ ಹಿಡ್ಕೊಂಡೇ ಓದಿದ್ರಾ ಮೇಡಂ?"