ಕಿಟಕಿ ಮುಚ್ಚಿದ ಕೈ

ಮೊಮ್ಮಗಳು ಸೇಲಂನ ನಮ್ಮ ಬೀದಿಯಲ್ಲೇ ಹಲ್ಲಿನ ಕ್ಲಿನಿಕ್ ತೆರೆದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಮೂರನೇ ಕ್ಲಾಸಿಗೆ ಓದು ಬಿಟ್ಟು ನೇಯಲು ಮಗ್ಗದ ಗುಂಡಿಗೆ ಇಳಿದವಳು. ನನ್ನ ಮಗನ ಮಗಳು ಡಾಕ್ಟರಮ್ಮ. ದಿನವೂ ಬೆಳಿಗ್ಗೆ ಹೋಗಿ, ಬಂದವರನ್ನು ಕೂರಿಸುವ ಕೆಲಸವನ್ನು ನಾನಾಗಿಯೇ ಹಚ್ಚಿಕೊಂಡೆ.

ಒಂದು ದಿನ ಯಾರದೋ ಹಲ್ಲು ಕೊರೆದು ಕಳಿಸಿದ ಮೊಮ್ಮಗಳು ಕೈ ತೊಳೆಯಲು ಹಿಂದಕ್ಕೆ ಹೋದಳು. ಕೋಣೆಗೆ ಇಣುಕಿದೆ. ಎರಡು ಕಿಟಕಿಯೂ ಪೂರ್ತಿ ತೆರೆದಿವೆ, ಗಾಳಿ ನುಗ್ಗುತ್ತಿದೆ. ಮಗ್ಗದ ಮನೆಗೆ ಗಾಳಿ ಬಿಟ್ಟರೆ ಮಗ್ಗಕ್ಕೆ ಹಾಸಿದ ನೂಲು ಒಣಗಿ ಎಳೆ ಪಟಪಟನೆ ಕಡಿದುಹೋಗುತ್ತದೆ. ನಲವತ್ತು ವರ್ಷ ಕಿಟಕಿ ಮುಚ್ಚಿಕೊಂಡೇ ನೇಯ್ದ ಕೈ, ನನ್ನನ್ನು ಕೇಳದೆಯೇ ಎರಡನ್ನೂ ಮುಚ್ಚಿತು. ಗಾಳಿಯನ್ನು ಹೊರಕ್ಕೆ ತಳ್ಳುತ್ತಿದ್ದ ಗೋಡೆ ಫ್ಯಾನನ್ನೂ ಆರಿಸಿದೆ. ಆಮೇಲೆ ಜಗಲಿಯಲ್ಲಿ ಕಾದಿದ್ದ ಹೆಂಗಸನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. ಕೊಳತ್ತೂರಿಂದ ಬಸ್ಸಿನಲ್ಲಿ ಬಂದಾಕೆ. ರಕ್ತದ ಕಾಯಿಲೆಗೆ ಮದ್ದು ತಿಂದು ಸೊರಗಿದ ಮೈ, ಊದಿದ ಕೆನ್ನೆ.

"ಅಜ್ಜಿ, ಕಿಟಕಿ ಯಾರು ಮುಚ್ಚಿದ್ದು?" ಬಂದ ಮೊಮ್ಮಗಳ ದನಿ ಗಡುಸಾಗಿತ್ತು. ಆಕೆಯನ್ನು ಎಬ್ಬಿಸಿ ಜಗಲಿಗೆ ಕರೆದೊಯ್ದು, ಕಿಟಕಿ ತೆರೆದು ಫ್ಯಾನ್ ಹಾಕಿ ಬಂದಳು.

"ನಾನೇ ಕಣವ್ವಾ. ಗಾಳಿ ಒಡೀತಿತ್ತು."

"ಕೊರೆಯೋವಾಗ ನೀರು ಚಿಮ್ತೈತಲ್ಲ, ಅದರ ಜೊತೆ ಮೊದ್ಲು ಬಂದೋರ ಎಂಜಲೂ ಸಣ್ಣ ತುಂತುರಾಗಿ ಗಾಳೀಲಿ ನಿಂತಿರ್ತೈತೆ. ಕಿಟಕಿ ತೆಗೆದು ಅರ್ಧ ಗಂಟೆ ಬಿಡ್ಬೇಕು. ಇವರಿಗೆ ರೋಗ ತಡ್ಕೊಳ್ಳೋ ಶಕ್ತಿ ಕಮ್ಮಿ."

"ಏನೂ ಕಾಣಾಕಿಲ್ವಲ್ಲ. ಕುರ್ಚಿ ಒರ್ಸಿ ಐತೆ, ನೆಲ ಒರ್ಸಿ ಐತೆ."

"ಮಗ್ಗದ ಮನೇಲಿ ನೂಲಿನ ಧೂಳು ನಿಂಗೆ ಕಾಣ್ತಿತ್ತಾ? ಕೆಮ್ಮು ಮಾತ್ರ ಬಂತು."

ನನ್ನ ತಲೆ ಗೋಜಲಾಯಿತು. ಮಾಸ್ಕು ಸರಿ, ಗ್ಲೌಸು ಸರಿ, ಗಾಳಿಯನ್ನೂ ತೊಳೆಯಬೇಕೇ? ಕೊಳೆಯೇ ಕಾಣದಿದ್ದರೆ ಹೋಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಆ ಹೆಂಗಸಿಗೆ ಏನಾದರೂ ಅಂಟಿಬಿಟ್ಟರೆ? ಅದರ ನಡುವೆಯೇ, ಎಷ್ಟು ಚೆಂದ ಗದರುತ್ತಾಳೆ ನಮ್ಮ ಹುಡುಗಿ ಎಂದು ನಗುವೂ ಬಂತು.

ಕೊಳತ್ತೂರಿನಾಕೆ ಚೀಲ ಎತ್ತಿಕೊಂಡಳು. "ಪರವಾಯಿಲ್ಲೆ, ಇನ್ನೊಂದಿನ ಬರ್ತೀನಿ. ಬಸ್ಸು ಓಗ್ಬುಡ್ತೈತೆ."

"ಈ ಕೆನ್ನೆ ಇಟ್ಕೊಂಡು ಎಲ್ಲಿಗ್ ಓಗ್ತೀಯವ್ವಾ? ತಪ್ಪು ನಂದು. ನನ್ ಮೊಮ್ಮಗ್ಳು ನಿನ್ನನ್ನ ಅಂಗೇ ಕೂರ್ಸಿ ಬೇಗ ಕಳ್ಸಬೋದಿತ್ತು. ಕಳ್ಸಲಿಲ್ಲ, ನೋಡು."

ಆಕೆ ನನ್ನನ್ನೇ ನೋಡಿದಳು. "ನೀವು ಮತ್ತೆ ಕಿಟಕಿ ಮುಟ್ಟಾಕಿಲ್ಲ ಅಂದ್ರೆ ಕುತ್ಕತೀನಿ."

ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಆಕೆಯ ಪಕ್ಕದಲ್ಲೇ ಕೂತೆ. ಅರ್ಧ ಗಂಟೆಯಾದ ಮೇಲೆ ಮೊಮ್ಮಗಳು ಆಕೆಯನ್ನು ಒಳಗೆ ಕರೆದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಕಣ್ಣಿಗೆ ಕೋಣೆ ಮೊದಲಿದ್ದ ಹಾಗೆಯೇ ಇತ್ತು.