ಬಚ್ಚಲ ನೀರಿನ ತೋಟ

ನಾನು ನಾಗಮಂಗಲದ ಕಡೆಯವಳು. ನಮ್ಮೂರಲ್ಲಿ ಅಕ್ಕಿ ತೊಳೆದ ನೀರನ್ನೂ ಚೆಲ್ಲುತ್ತಿರಲಿಲ್ಲ, ಕುಂಬಳದ ಬುಡಕ್ಕೆ ಸುರಿಯುತ್ತಿದ್ದರು. ಅಂಥ ಊರಿನಿಂದ ಪಾಲಹಳ್ಳಿಯ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗ ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಲ್ಲಿ ನಾಲೆ, ಗದ್ದೆ, ಕಬ್ಬು. ನೀರಿಗೆ ಮರ್ಯಾದೆಯೇ ಇರಲಿಲ್ಲ. ಮನೆಮಂದಿಯೆಲ್ಲ ಮಿಂದ ನೀರು ಬಚ್ಚಲಿನಿಂದ ಹೊರಬಿದ್ದು, ಹಿತ್ತಲಲ್ಲಿ ಕೊಚ್ಚೆಯಾಗಿ ನಿಂತು ಸೊಳ್ಳೆ ಸಾಕುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಹಿತ್ತಲು ಎನ್ನುವುದೂ ಹೆಸರಿಗೆ ಮಾತ್ರ. ಒಡೆದ ಹೆಂಚು, ಬೂದಿಗುಂಡಿ, ಆಳೆತ್ತರದ ಕಳೆ. ಒಂದು ದಿನ ನಾನೇ ಗುದ್ದಲಿ ಹಿಡಿದು ಆ ಕೊಚ್ಚೆಯಿಂದ ಕಾಲುವೆ ತೋಡಲು ನಿಂತೆ. ಅತ್ತೆ ಹಿಂಬಾಗಿಲಲ್ಲಿ ನಿಂತು, "ನಾಗಮಂಗ್ಲದೋಳು, ನೀರ್ ಕಂಡಿಲ್ದೋಳು, ಬಚ್ಲ್ ನೀರ್ಗೂ ಕಾಲ್ವೆ ತೋಡ್ತಾವ್ಳೆ ನೋಡ್ರವ್ವ" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕರು. ನಗಲಿ ಎಂದುಕೊಂಡೆ. ನಕ್ಕು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಸಂಜೆ ನನ್ನನ್ನು ಕರೆದು, "ಎಡಗಡೆ ಕಿರಿಯವ್ನ ಪಾಲ್ಗೋಯ್ತದೆ ಕಣವ್ವ. ನೆಡಂಗಿದ್ರೆ ಬಲಗಡೆ ನೆಡು" ಎಂದರು.

ನಮ್ಮ ಮನೆತನಗಳಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಮನೆಯ ಬಲಭಾಗ ಹಿರಿಯನಿಗೆ, ಎಡಭಾಗ ಕಿರಿಯನಿಗೆ. ನನ್ನ ಗಂಡ ಹಿರಿಯರು. ಬಚ್ಚಲಿದ್ದದ್ದು ಎಡಕ್ಕೆ, ನೆಲ ಇಳಿಜಾರಿದ್ದದ್ದೂ ಎಡಕ್ಕೆ. ನೀರಿಗೆ ಹಿರಿಯ ಕಿರಿಯ ಗೊತ್ತೇ? ಅದು ತಗ್ಗು ನೋಡಿ ಹರಿಯುತ್ತದೆ, ನಾನು ನೀರು ನೋಡಿ ನೆಟ್ಟೆ. ಆಗ ಅಣ್ಣ ತಮ್ಮ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಅನ್ಯೋನ್ಯವಾಗಿದ್ದರು. ಮೈದುನನಿಗೆ ಇನ್ನೂ ಮದುವೆಯಾಗಿರಲಿಲ್ಲ. ಇವರು ಬೇರೆಯಾಗುವ ಮಾತೆಲ್ಲಿಂದ ಬಂತು ಎಂದು ನನಗೆ ಅತ್ತೆಯ ಮೇಲೆಯೇ ಸಿಟ್ಟು ಬಂದಿತ್ತು.

ಕಾಲುವೆಯ ಬಾಯಲ್ಲಿ ಕೆಸ ಮತ್ತು ಬಾಳೆ ಹಾಕಿದೆ. ಸೋಪಿನ ನೀರಾಗಲಿ, ಸೀಗೆ ನೀರಾಗಲಿ, ಏನು ಕುಡಿದರೂ ಅವಕ್ಕೆ ಅರಗುತ್ತದೆ. ಅಲ್ಲಿಂದ ಸೋಸಿಕೊಂಡು ಹೋದ ನೀರಿಗೆ ಕರಿಬೇವು, ನಿಂಬೆ, ಸೀಬೆ. ನಡುವೆ ಸೊಪ್ಪಿನ ಮಡಿಗಳು. ಕೊನೆಯ ಅಂಚಿಗೆ ಮಲ್ಲಿಗೆ, ಕನಕಾಂಬರ. ಯುಗಾದಿ ಕಳೆದು ಭರಣಿ ಮಳೆ ಬಿದ್ದರೆ ಮಡಿ ಅಗೆದು ಗೊಬ್ಬರ ಬೆರೆಸಿ ದಂಟು, ಬೆಂಡೆ ಹಾಕುತ್ತಿದ್ದೆ. ಮುಂಗಾರು ಹಿಡಿದ ಮೇಲೆ ಹೀರೆ, ಪಡವಲ ಚಪ್ಪರಕ್ಕೆ ಹತ್ತುತ್ತಿದ್ದವು. ಮಾಗಿಗೆ ಅದೇ ಚಪ್ಪರದಲ್ಲಿ ಅವರೆ. ಹುಳ ಬಿದ್ದರೆ ಒಲೆಯ ಬೂದಿ ಇದ್ದೇ ಇತ್ತು. ಮಾಗಿಯಲ್ಲಿ ಮಲ್ಲಿಗೆಯನ್ನು ಬೋಳಾಗಿ ಕತ್ತರಿಸಿ ನೀರು ನಿಲ್ಲಿಸಿದಾಗ ಅತ್ತೆ, "ಸಾಯಿಸ್ಬುಟ್ಲು, ನನ್ ಕಣ್ಮುಂದೇನೇ ಸಾಯಿಸ್ಬುಟ್ಲು" ಎಂದು ಕೂಗಾಡಿದರು. ಬೇಸಿಗೆಯಲ್ಲಿ ಗಿಡದ ತುಂಬ ಮೊಗ್ಗು ನಿಂತಾಗ ತಾವೇ ಬಿಡಿಸಿಕೊಂಡರು. ದೇವರಿಗಿಟ್ಟು, ಮಿಕ್ಕದ್ದನ್ನು ಕಟ್ಟಿ ತಮ್ಮ ಮಗಳ ಮನೆಗೆ ಕಳಿಸಿದರು.

ನನ್ನ ಗಂಡ ಒಂದು ದಿನವೂ ಗುದ್ದಲಿ ಮುಟ್ಟಿದವರಲ್ಲ. ನಾನು ಅಗೆಯುವಾಗ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಆದರೆ ನೆಂಟರು ಬಂದರೆ ಹಿತ್ತಲಿಗೆ ಕರೆದುಕೊಂಡು ಹೋಗಿ, "ನಮ್ಮನೇವ್ಳ ಕೈಗುಣ ಕಣಯ್ಯ, ಒಣಕಡ್ಡಿ ನೆಟ್ರೂ ಚಿಗುರ್ತದೆ" ಎನ್ನುತ್ತಿದ್ದರು. ಒಳಗಿನಿಂದ ಅದನ್ನು ಕೇಳಿ ನಾನು ಉಬ್ಬುತ್ತಿದ್ದೆ. ಈ ಮನೆಯಲ್ಲಿ ಒಲೆ ಅತ್ತೆಯದು, ಪೆಟ್ಟಿಗೆಯ ಬೀಗದ ಕೈ ಅತ್ತೆಯದು, ಗದ್ದೆ ಗಂಡಸರದು. ನನ್ನದು ಅಂತ ಕೈಯೆತ್ತಿ ತೋರಿಸಲು ಆ ಹಿತ್ತಲೊಂದೇ ಇತ್ತು.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವುದು ಸುಳ್ಳಲ್ಲ. ಮೈದುನನಿಗೆ ಮದುವೆಯಾಯಿತು, ಅವನ ಹೆಂಡತಿ ಬಂದಳು, ಕೆಲವು ವರ್ಷಗಳಲ್ಲಿ ಅಣ್ಣನ ಮಾತು ತಮ್ಮನಿಗೆ, ತಮ್ಮನ ಮಾತು ಅಣ್ಣನಿಗೆ ಸೇರದಾಯಿತು. ಒಂದು ಬೆಳಿಗ್ಗೆ ಊರ ಹಿರಿಯರು ಪಾಲು ಮಾಡಲು ಬಂದು ಜಗಲಿಯಲ್ಲಿ ಕೂತರು. ಗದ್ದೆ ಮುಗಿಯಿತು, ದನ ಮುಗಿದವು. ಮನೆಗೆ ಗೆರೆ ಎಳೆಯುವ ಹೊತ್ತಿಗೆ ಎಲ್ಲರೂ ಹಿತ್ತಲಿಗೆ ಬಂದರು. ನಾನು ಮತ್ತು ಅತ್ತೆ ಹಿಂಬಾಗಿಲ ಮರೆಯಲ್ಲಿದ್ದೆವು. ನ್ಯಾಯದಲ್ಲಿ ಹೆಂಗಸರು ಬಾಯಿ ಹಾಕುವಂತಿಲ್ಲ.

ಅವರಲ್ಲಿ ಹಿರಿಯ ಯಜಮಾನ ನನ್ನ ಗಿಡಗಳನ್ನೆಲ್ಲ ಒಮ್ಮೆ ನೋಡಿ ಹೇಳಿದ: "ನೆಲ ಪಾಲ್ಗೆ ಬಂದೋರ್ದು, ಮರ ನೆಟ್ಟೋರ್ದು. ಅದು ಇಂದ್ಲಿಂದ್ಲೂ ನಡ್ಕಂಡ್ ಬಂದದ್ದು. ಎಡಗಡೆ ಇಷ್ಟೊಂದ್ ಗಿಡ ಅದೆ. ನೆಟ್ಟೋರ್ ಯಾರು, ಯೋಳ್ರಪ್ಪ. ಅಷ್ಟ್ ಜಾಗ ಅವ್ರಿಗ್ ಬುಟ್ಟು ಗೆರೆ ಎಳೆಯಾನ."

ನಾನು ಬಾಗಿಲ ಸಂದಿನಿಂದ ಗಂಡನ ಮುಖ ನೋಡಿದೆ. ಒಂದು ಮಾತು ಸಾಕಿತ್ತು. ಮೈದುನ ತಲೆ ತಗ್ಗಿಸಿ ನಿಂತಿದ್ದ, ಅವನಿಗೂ ಗೊತ್ತಿತ್ತು. ನನ್ನ ಗಂಡ ಟವೆಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೇಳಿದರು: "ನೆಟ್ಟೋರ್ ಯಾರೂ ಇಲ್ಲ ಬುಡಿ ಯಜಮಾನ್ರೆ. ಬಚ್ಲ್ ನೀರಲ್ವಾ, ಅಂಗೇ ಉಟ್ಕಂಡವೆ."

ಗೆರೆ ನೇರವಾಗಿ ಬಿತ್ತು, ತೋಟ ಮೈದುನನ ಕಡೆಗಾಯಿತು. ಜೀವಮಾನವಿಡೀ ನನ್ನನ್ನು ಆಡಿಕೊಂಡ ಅತ್ತೆ ಒಮ್ಮೆ ನನ್ನ ಮುಖ ನೋಡಿ, "ಮಲ್ಲಿಗೆನೂ ಸಾಲಿಡ್ಕಂಡು ಅಂಗೇ ಉಟ್ಕತದೇನೋ" ಎಂದು ಮೆಲ್ಲಗೆ ಅಂದರು. ಅದು ನನಗೊಬ್ಬಳಿಗೇ ಕೇಳಿಸಿತು.

ಮಾರನೆಯ ದಿನ ಕೇಳಿಯೇ ಕೇಳಿದೆ. "ಯಾಕಂಗಂದ್ರಿ?"

"ಇನ್ನೇನನ್ಲಿ? ಸೊಪ್ಪುಸೆದೆಗೆ ಎಂಡ್ತಿ ಎಸ್ರೇಳ್ಕಂಡು ಅಷ್ಟ್ ಜನದ್ ಮುಂದೆ ತಮ್ಮನ್ ಕುಟೆ ಕಿತ್ತಾಡ್ಲಾ? ನಂಗೇನ್ ಮಾನ ಇಲ್ವಾ?"

ಪಾತ್ರೆ ಪಾಲಾಗುವಾಗ ಅದೇ ಜಗಲಿಯಲ್ಲಿ, ಅದೇ ಜನದ ಮುಂದೆ, ಒಂದು ತಾಮ್ರದ ಹಂಡೆಗಾಗಿ ಊಟದ ಹೊತ್ತು ಮೀರುವವರೆಗೆ ತಮ್ಮನೊಡನೆ ಕಿತ್ತಾಡಿದವರು ಇವರೇ. ಹಂಡೆಗೆ ಮಾನ ಅಡ್ಡ ಬಂದಿರಲಿಲ್ಲ. ನನಗೆ ತೋಟ ಹೋದದ್ದಕ್ಕಿಂತ 'ಅಂಗೇ ಉಟ್ಕಂಡವೆ' ಎಂಬ ಆ ಮಾತು ಹೆಚ್ಚು ಉರಿಯಿತು, ಇವತ್ತಿಗೂ ಉರಿಯುತ್ತದೆ. ತಮ್ಮನಿಗೇ ಇರಲಿ ಎಂದಿದ್ದರೆ ದೊಡ್ಡಮನಸ್ಸು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಇವರು ಕೊಟ್ಟದ್ದಲ್ಲ, ನಾನು ಏನೂ ಮಾಡಿಯೇ ಇಲ್ಲ ಎಂದುಬಿಟ್ಟರು.

ನಡುವೆ ಗೋಡೆ ಎದ್ದಿತು. ಮೈದುನ ಡೇರಿಗೆ ಹಾಲು ಹಾಕಲೆಂದು ಸೀಮೆಹಸು ತಂದ, ಕೊಟ್ಟಿಗೆಗೆ ಜಾಗ ಬೇಕಾಯಿತು. ವಾರಗಿತ್ತಿ ಗೋಡೆಯಾಚೆಯಿಂದ, "ಅಕ್ಕ, ಗಿಡ ಕಡೀತಾವ್ರೆ, ಮಲ್ಲಿಗೆ ಬೇಕಾದ್ರೆ ಕಿತ್ಕಂಡೋಗು" ಎಂದು ಕೂಗಿದಳು. ಕೆಟ್ಟವಳಲ್ಲ ಅವಳು. ಆದರೆ ಸುಡುಬಿಸಿಲಿನಲ್ಲಿ, ಹೂ ಬಿಡುತ್ತಿರುವ ಮಲ್ಲಿಗೆಯನ್ನು ಕಿತ್ತು ನೆಟ್ಟರೆ ಅದು ಬದುಕುವುದಿಲ್ಲ. ನಾನು ಹೋಗಲಿಲ್ಲ. ಮಚ್ಚಿನ ಸದ್ದು ಕೇಳುತ್ತ ಮುದ್ದೆ ತೊಳಸಿದೆ. ಸೀಬೆಯ ಕೊಂಬೆ ಬಿದ್ದ ಸದ್ದೂ ನನಗೆ ಬೇರೆಯಾಗಿ ತಿಳಿಯಿತು.

ನಮ್ಮ ಕಡೆಗೆ ಹೊಸ ಬಚ್ಚಲಾಯಿತು. ಅದರ ನೀರು ಮತ್ತೆ ಹಿಂದೆ ಹೋಗಿ ಕೊಚ್ಚೆಯಾಗಿ ನಿಂತಿತು. ಮರುವರ್ಷ ಯುಗಾದಿ ಕಳೆದ ಮೇಲೆ ನನ್ನ ಗಂಡ ಶ್ರೀರಂಗಪಟ್ಟಣದಿಂದ ಒಂದು ಸೀಬೆ ಸಸಿ, ಒಂದು ಮಲ್ಲಿಗೆ ಸಸಿ ತಂದರು. ಎರಡೂ ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿದ್ದವು. "ಬಾ, ಗುಂಡಿ ನಾನೇ ತೋಡ್ಕೊಡ್ತೀನಿ, ನೆಡೀವಂತೆ" ಎಂದರು. ಅಷ್ಟು ಮೆತ್ತಗಿನ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

ನಾನು ಮೊರದಿಂದ ಕಣ್ಣೆತ್ತಲಿಲ್ಲ. "ನೆಡೋದ್ಯಾಕೆ? ಬಚ್ಲ್ ನೀರದಲ್ಲ. ಬುಡಿ, ಅಂಗೇ ಉಟ್ಕತವೆ" ಎಂದೆ.

ಅವರು ಸಸಿಗಳನ್ನು ಗೋಡೆಯ ಬುಡದಲ್ಲಿಟ್ಟು ಒಳಗೆ ಹೋದರು. ಆ ವರ್ಷ ಭರಣಿ ಮಳೆ ಬರಲಿಲ್ಲ. ಸಸಿಗಳು ಕವರಿನಲ್ಲೇ ಒಣಗಿದವು. ನಾನು ದಿನವೂ ತುಂಬಿದ ಬಿಂದಿಗೆ ಹೊತ್ತು ಅವುಗಳ ಪಕ್ಕದಲ್ಲೇ ನಡೆದೆ.